ಗೌರಿ ಹಬ್ಬಕ್ಕೆ ನಾನು ರಸಬಾಳೆ ಹಣ್ಣು ಮಾಡಿದ್ದು

ಹಂದಿಜ್ವರ ಬಂದ ವರ್ಷ ನಮ್ಮ ಕಾಲೇಜಿಗೆ ಒಂದು ವಾರ ರಜೆ ಕೊಟ್ಟರು. ನಂಜನಗೂಡಿನ ನಮ್ಮ ಬೀದಿಯಲ್ಲಿ ಯಾರಿಗೂ ಜ್ವರ ಬಂದಿರಲಿಲ್ಲ. ಆದರೆ ಟೀವಿಯವರು ಬೆಳಗಿನಿಂದ ಸಂಜೆಯವರೆಗೆ ಮೂಗು ಮುಚ್ಚಿಕೊಂಡವರನ್ನೇ ತೋರಿಸುತ್ತಿದ್ದುದರಿಂದ ನಮ್ಮೂರಿನವರೂ ಮೂಗು ಮುಚ್ಚಿಕೊಂಡರು. ಮಾಸ್ಕ್ ಸಿಗದವರು ಕರ್ಚೀಫ್ ಕಟ್ಟಿದರು, ಕರ್ಚೀಫ್ ಇಲ್ಲದವರು ಟವಲ್ ಸುತ್ತಿದರು. ನಮ್ಮ ಪ್ರಿನ್ಸಿಪಾಲರು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು, "ಯಾರೂ ಹೊರಗೆ ಸುತ್ತಬೇಡಿ. ಮನೆಯಲ್ಲೇ ಇದ್ದು ಏನಾದರೂ ಉಪಯುಕ್ತ ಕೆಲಸ ಮಾಡಿ" ಎಂದರು. ಮೊದಲರ್ಧ ಸುಲಭವಾಗಿತ್ತು. ಅನಾಹುತವೆಲ್ಲ ಆದದ್ದು ಎರಡನೆಯ ಅರ್ಧದಿಂದ.

ಮನೆಯಲ್ಲಿ ಕೂರುವುದು ನನಗೆ ಕಷ್ಟವಲ್ಲ ಎಂದು ನಾನು ನಂಬಿದ್ದೆ. ಸೋಮವಾರ ಪುಸ್ತಕಗಳ ಧೂಳು ಹೊಡೆದೆ. ಪತ್ರಿಕೆಯನ್ನು ಟೆಂಡರ್ ಪ್ರಕಟಣೆಗಳ ಸಮೇತ ಓದಿ ಮುಗಿಸಿದೆ. ಗಡಿಯಾರ ನೋಡಿದರೆ ಹತ್ತೂಕಾಲು! ಮಂಗಳವಾರ ಅಡುಗೆಮನೆಗೆ ಹೋಗಿ ಹುರುಳಿಕಾಯಿ ಹೆಚ್ಚುವುದರಲ್ಲಿ ಎಷ್ಟು ಚಲನೆ ವ್ಯರ್ಥವಾಗುತ್ತಿದೆ ಎಂದು ನನ್ನ ಹೆಂಡತಿ ಸುಗುಣಳಿಗೆ ವಿವರಿಸಿದೆ. ಅವಳು ಈಳಿಗೆಯ ಮೇಲಿಂದ ತಲೆಯೆತ್ತಿದಳು.

"ರೀ, ಏನಾದ್ರೂ ಕೆಲಸ ಹಿಡ್ಕೊಳ್ಳಿ. ಮನೆಯೊಳಗೆ ಬೇಡ, ಹಿತ್ತಲಲ್ಲಿ."

ಅವತ್ತೇ ಮಧ್ಯಾಹ್ನ ಕೆಲಸ ಬೈಕಿನ ಮೇಲೆ ಬಂದಿಳಿಯಿತು. ಸುಗುಣಳ ತಮ್ಮ ಮಹದೇವು ಕವಲಂದೆ ಕಡೆಯಿಂದ ಒಂದು ರಸಬಾಳೆ ಗೊನೆ ತಂದಿದ್ದ. ಹಸಿರು ಕಾಯಿ, ಆರು ಚಿಪ್ಪು. ರಸಬಾಳೆಗೆ ರೋಗ ಬಿದ್ದು ತೋಟಗಳೆಲ್ಲ ಬರಿದಾಗಿದ್ದ ಕಾಲ ಅದು. ನಂಜನಗೂಡಿನಲ್ಲಿ ಕೂತು ನಂಜನಗೂಡಿನ ರಸಬಾಳೆ ತಿನ್ನುವುದಕ್ಕೂ ಯಾರದಾದರೂ ಪರಿಚಯ ಬೇಕಾಗಿತ್ತು. ಆ ಗೊನೆಗಾಗಿ ನಾನು ಎರಡು ತಿಂಗಳಿನಿಂದ ಮಹದೇವುವಿನ ಬೆನ್ನು ಹತ್ತಿದ್ದೆ. ಅದು ನಮಗಲ್ಲ, ಟಿ. ನರಸೀಪುರದಲ್ಲಿರುವ ನನ್ನ ಅಕ್ಕ ಪಾರ್ವತಿಗೆ. ಶನಿವಾರ ಗೌರಿ ಹಬ್ಬ. ತವರಿನ ಬಾಗಿನದ ಜೊತೆ ಅದನ್ನು ನಾನೇ ಹೊತ್ತುಕೊಂಡು ಹೋಗಿ ಕೊಡಬೇಕಿತ್ತು.

ಕೊಡಲೇಬೇಕಿತ್ತು. ಅಕ್ಕ ನನ್ನೊಡನೆ ಮಾತು ಬಿಟ್ಟು ಒಂದು ವರ್ಷವಾಗಿತ್ತು.

ಅದರ ಕಾರಣವನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಹಿಂದಿನ ವರ್ಷದ ಗೌರಿ ಹಬ್ಬಕ್ಕೆ ಸುಗುಣ ಬಾಗಿನದ ಮೊರ ಸಿದ್ಧ ಮಾಡಿ, ಬಟ್ಟೆ ಕಟ್ಟಿ, ನನ್ನ ಕೈಗೆ ಕೊಟ್ಟು ತನ್ನ ತವರಿಗೆ ಹೋದಳು. ನಾನು ಅದನ್ನು ಅಕ್ಕನಿಗೆ ಕೊಟ್ಟು ಬಂದೆ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದದ್ದು, ಅಕ್ಕ ಕಡುಬು ಬಡಿಸಿದ್ದು, "ಎಷ್ಟು ಇಳಿದೋಗಿದ್ಯೋ ಗುರು" ಅಂದದ್ದು, ಎಲ್ಲ ಸ್ಪಷ್ಟವಾಗಿ ನೆನಪಿತ್ತು. ಹಬ್ಬದ ನಂತರ ಅಕ್ಕನ ಫೋನ್ ನಿಂತುಹೋಯಿತು. ಲೈನ್ ಕೆಟ್ಟಿದೆಯೆಂದು ನಾನು ದೂರು ಕೊಟ್ಟೆ. ಲೈನ್‌ಮನ್ ಬಂದು ಕಂಬ ಹತ್ತಿ ಇಳಿದು, ಲೈನು ಸರಿಯಾಗಿದೆ ಸಾ ಅಂದ. ದೀಪಾವಳಿಗೆ ಅಟ್ಟ ಗುಡಿಸುವಾಗ ಸುಗುಣ ಬಟ್ಟೆ ಕಟ್ಟಿದ ಮೊರವೊಂದನ್ನು ಕೆಳಗಿಳಿಸಿ, "ಇದೇನ್ರೀ?" ಎಂದಳು. ಬೆಲ್ಲಕ್ಕೆ ಇರುವೆ ಮುತ್ತಿತ್ತು.

ಬಸ್ ಸ್ಟ್ಯಾಂಡು, ಕಡುಬು ಎಲ್ಲವೂ ನಿಜವೇ. ಅದರ ಹಿಂದಿನ ವರ್ಷದ್ದು!

ನಾನು ಮೈಸೂರಿನಲ್ಲಿ ತತ್ವಶಾಸ್ತ್ರ ಎಂ.ಎ. ಮಾಡಿ, ಪಿಯುಸಿ ಮಕ್ಕಳಿಗೆ ತರ್ಕಶಾಸ್ತ್ರ ಹೇಳುವವನು. ದೇವರನ್ನು, ಜ್ಯೋತಿಷ್ಯವನ್ನು, ಹವಾಮಾನ ವರದಿಯನ್ನು ಮೊದಲಿನಿಂದಲೂ ಅನುಮಾನಿಸುತ್ತಿದ್ದೆ. ಅವತ್ತಿನಿಂದ ಆ ಪಟ್ಟಿಗೆ ನನ್ನ ನೆನಪನ್ನೂ ಸೇರಿಸಿಕೊಂಡೆ. ಅಕ್ಕ ಮಾತ್ರ ಫೋನಿನಲ್ಲಿ ಸುಗುಣಳೊಡನೆ ಮಾತಾಡಿ, ನಾನು ಪಕ್ಕದಲ್ಲಿ ನಿಂತಿದ್ದರೂ, "ಆ ಮನೆ ಯಜಮಾನರು ಚೆನ್ನಾಗಿದ್ದಾರಾ?" ಎಂದು ವಿಚಾರಿಸಿ ಇಟ್ಟುಬಿಡುತ್ತಿದ್ದಳು.

ಮಹದೇವು ಗೊನೆಯನ್ನು ಜಗುಲಿಯ ಮೇಲಿಟ್ಟು ವಿಧಾನ ಹೇಳಿದ.

"ಭಾವ, ಬುಧವಾರ ಬೆಳಿಗ್ಗೆ ಹೊಗೆ ಹಾಕಿ. ಗುರುವಾರ ಸಂಜೆ ತೆಗೀರಿ. ಶುಕ್ರವಾರ ಬಣ್ಣ ತಿರುಗ್ತದೆ. ಶನಿವಾರ ನಿಮ್ಮ ಅಕ್ಕೋರಿಗೆ ಕೊಡಿ. ಒಂದೇ ವಿಚಾರ, ಮುಚ್ಚಿದ ಮೇಲೆ ಮಧ್ಯ ತೆಗೀಬೇಡಿ."

"ಕೆಂಪಣ್ಣನವರಿಗೆ ಕೊಡೋಣ ಕಣ್ರೀ. ಅವ್ರಿಗೆ ಅಭ್ಯಾಸ ಇದೆ" ಎಂದಳು ಸುಗುಣ. ಕೆಂಪಣ್ಣ ನಮ್ಮ ಪಕ್ಕದ ಮನೆಯವರು. ನಾಲ್ಕು ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು.

"ಅಭ್ಯಾಸ ಯಾಕೆ? ಶಾಖ, ಹೊಗೆ, ಕಾಲ. ಮೂರೇ ಅಂಶ. ನಾನು ಮನೆಯಲ್ಲೇ ಇದ್ದೀನಲ್ಲ!" ಎಂದೆ.

ಅಕ್ಕತಮ್ಮಂದಿರು ಪರಸ್ಪರ ಮುಖ ನೋಡಿಕೊಂಡರು. ಮಹದೇವು ಕಾಫಿಗೂ ನಿಲ್ಲದೆ ಹೊರಟುಹೋದ.

ಬುಧವಾರ ಬೆಳಿಗ್ಗೆ ಹಿತ್ತಲಿನ ಹಳೇ ಡ್ರಮ್ಮಿನೊಳಗೆ ಒಣಗಿದ ಬಾಳೆಎಲೆ ಹಾಸಿ ಗೊನೆ ಇಳಿಸಿದೆ. ಮಡಕೆಯೊಂದರಲ್ಲಿ ತೆಂಗಿನ ನಾರು, ಅದರ ಮೇಲೆ ಕೆಂಡ. ಅದನ್ನು ಡ್ರಮ್ಮಿನ ಬಾಯಿಗೆ ಕೂರಿಸಿ, ಊದುಕೊಳವೆಯಲ್ಲಿ ಊದಿ ಊದಿ ಹೊಗೆ ತುಂಬಿ, ಮಡಕೆ ತೆಗೆದು, ಮುಚ್ಚಳ ಹಾಕಿ, ಸುತ್ತ ಹಸಿ ಮಣ್ಣು ಮೆತ್ತಿದೆ. ಇಷ್ಟನ್ನು ಯಾವ ತಪ್ಪೂ ಇಲ್ಲದೆ ಮಾಡಿದೆ ಎಂದು ಈಗ ಕೆಂಪಣ್ಣನವರೂ ಒಪ್ಪುತ್ತಾರೆ. ಅಲ್ಲಿಗೆ ಬಿಟ್ಟಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಎದ್ದಿತು. ಮಡಕೆ ತೆಗೆಯುವಾಗ ಒಂದು ಕೆಂಡ ಒಳಗೆ ಬಿತ್ತೇ? ಬೀಳಲಿಲ್ಲ ಎಂದು ನೆನಪು ಹೇಳಿತು. ಆದರೆ ಬಾಗಿನ ಕೊಟ್ಟೆ ಎಂದದ್ದೂ ಇದೇ ನೆನಪಲ್ಲವೇ! ಒಣ ಎಲೆ ಹತ್ತಿಕೊಂಡರೆ ಅಕ್ಕನ ಪಾಲಿಗೆ ಬೂದಿ. ಕೈ ತೊಳೆದು ಹೋಗಿ ಮಣ್ಣು ಒಡೆದೆ. ಹೊಗೆಯೆಲ್ಲ ಒಂದೇ ಸಲಕ್ಕೆ ಮುಖಕ್ಕೆ ಬಂತು. ಕೆಂಡ ಬಿದ್ದಿರಲಿಲ್ಲ.

ಮತ್ತೆ ನಾರು, ಮತ್ತೆ ಕೆಂಡ, ಮತ್ತೆ ಮಣ್ಣು. ಕಳೆದುಕೊಂಡ ಹೊಗೆಗೆ ಪರಿಹಾರವಾಗಿ ಕೆಂಡ ಸ್ವಲ್ಪ ಜಾಸ್ತಿಯೇ ಹಾಕಿದೆ. ಈ ಸಲ ನೆನಪನ್ನು ನಂಬದೆ ಒಂದು ನೋಟ್‌ಬುಕ್ ಇಟ್ಟೆ.

ಗುರುವಾರ ಎದ್ದು ನೋಟ್‌ಬುಕ್ ನೋಡಿದರೆ, "ಆರು ಗಂಟೆ: ಮಣ್ಣು ಬಿರುಕು ಬಿಟ್ಟಿದೆ" ಎಂದು ನನ್ನದೇ ಅಕ್ಷರ. ಯಾವ ಆರು ಗಂಟೆ? ನಿನ್ನೆ ಸಂಜೆಯದೋ, ಇವತ್ತು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಬರೆದದ್ದೋ? ಬಿರುಕು ಮುಚ್ಚಿದೆನೋ, ಬರೆದು ಸುಮ್ಮನಾದೆನೋ? ಬಿರುಕು ಬಿಟ್ಟಿದ್ದರೆ ಒಳಗೆ ಹೊಗೆ ಉಳಿದಿಲ್ಲ. ಉಳಿದಿದೆಯೋ ಇಲ್ಲವೋ ನೋಡುವುದಕ್ಕೆ ಒಂದೇ ಮಾರ್ಗ. ತೆಗೆದೆ. ಹೊಗೆ ಇತ್ತು. ಹೋಯಿತು.

ಮೂರನೆಯ ಸಲ ಊದುವಾಗ ನನಗೆ ಹಿಡಿದ ಕೆಮ್ಮು ಸಾಮಾನ್ಯದ್ದಲ್ಲ. ಕಣ್ಣು ಕೆಂಡದಂತಾಗಿ, ಮೂಗು ಸೋರಿ, ಡ್ರಮ್ಮನ್ನೇ ತಬ್ಬಿಕೊಂಡು ಕೆಮ್ಮಿದೆ. ಕಾಂಪೌಂಡ್ ಗೋಡೆಯ ಮೇಲೆ ಕೆಂಪಣ್ಣನವರ ತಲೆ ಕಾಣಿಸಿತು. ಮೂಗಿಗೆ ಟವಲ್ಲು.

"ಏನ್ ಮೇಷ್ಟ್ರೇ, ಅಂಗ್ ಕೆಮ್ತಾ ಇದ್ದೀರಿ?"

"ಗೊನೆಗೆ ಹೊಗೆ ಹಾಕ್ತಾ ಇದ್ದೀನಿ, ಕೆಂಪಣ್ಣ."

"ನೆನ್ನೆನೇ ಆಕುದ್ರಲ್ಲ!"

"ಸರಿಯಾಗಿ ಹಾಕಿದ್ನೋ ಇಲ್ವೋ ಅಂತ ಅನುಮಾನ."

"ಅಯ್ಯೋ ಸಿವನೇ! ಒಗೆ ಆಕುದ್ಮೇಲೆ ಮುಚ್ಚಿ ಮರ್ತುಬುಡ್ಬೇಕು ಕಣ್ರೀ. ನಿಮ್ಗೆ ಮರೆಯೋದ್ನೂ ನಾನು ಯೋಳ್ಕೊಡ್ಬೇಕಾ?"

ನಾನು ಉತ್ತರಿಸಲು ಬಾಯಿ ತೆರೆದೆ. ಕೆಮ್ಮು ಬಂತು. ಗೋಡೆಯ ಮೇಲಿನ ತಲೆ ಮಾಯವಾಯಿತು.

"ರೀ, ಗೊನೆಗಿಂತ ನಿಮಗೇ ಜಾಸ್ತಿ ಹೊಗೆ ಹಿಡಿದಿದೆ. ಇನ್ನೆರಡು ದಿನ ಬಿಟ್ಟರೆ ನೀವೇ ಹಣ್ಣಾಗ್ತೀರಿ" ಎಂದಳು ಸುಗುಣ.

ಶುಕ್ರವಾರ ಬೆಳಿಗ್ಗೆ ಸೊಪ್ಪಿನವಳು ಸೊಪ್ಪನ್ನು ಗೇಟಿಗೆ ಸಿಕ್ಕಿಸಿ ಓಡಿದಳು. ಎದುರು ಮನೆಯವರು ಕಿಟಕಿ ಮುಚ್ಚಿದರು. ಹತ್ತು ಗಂಟೆಗೆ ಆರೋಗ್ಯ ಇಲಾಖೆಯ ನರ್ಸಮ್ಮ ಒಬ್ಬರು ಮಾಸ್ಕ್ ಹಾಕಿಕೊಂಡು, ರಿಜಿಸ್ಟರ್ ಹಿಡಿದು ಗೇಟಿನಲ್ಲಿ ನಿಂತಿದ್ದರು. ನಮ್ಮ ಬೀದಿಯವರಿಗೆ ಸಾರ್ವಜನಿಕ ಹಿತದಲ್ಲಿ ಇಷ್ಟು ಆಸಕ್ತಿ ಇದೆಯೆಂದು ನನಗೆ ತಿಳಿದಿರಲಿಲ್ಲ.

"ಕೆಮ್ಮು ಎಷ್ಟು ದಿನದಿಂದ ಸಾರ್?"

"ಎರಡು ದಿನ. ಇದು ಹೊಗೆಯಿಂದ ಬಂದದ್ದು."

"ಎಲ್ಲರೂ ಏನಾದ್ರೂ ಒಂದು ಹೇಳ್ತಾರೆ. ಈ ತಿಂಗಳಲ್ಲಿ ಹೊರಗಡೆ ಊರಿಗೆ ಹೋಗಿದ್ರಾ?"

'ಇಲ್ಲ' ಎಂದರೆ ಮುಗಿಯುತ್ತಿತ್ತು. ಬೇರೆ ಯಾವ ಮನುಷ್ಯನಾದರೂ ಹಾಗೇ ಅನ್ನುತ್ತಿದ್ದ. ಆದರೆ ಸರ್ಕಾರಿ ರಿಜಿಸ್ಟರಿನಲ್ಲಿ ಸೇರುವ ಮಾತು.

"ನನ್ನ ನೆನಪಿನ ಪ್ರಕಾರ ಹೋಗಿಲ್ಲ. ಆದರೆ ಅದನ್ನು ಖಚಿತವಾಗಿ ಹೇಳಲಾರೆ. ಹೋಗದೆಯೂ ಹೋದೆ ಎಂದು ನಾನು ಹಿಂದೆ ನಂಬಿದ್ದುಂಟು."

ನರ್ಸಮ್ಮ ಒಂದು ಹೆಜ್ಜೆ ಹಿಂದೆ ಸರಿದರು.

"ಎಲ್ಲೂ ಹೋಗಿಲ್ಲ ಕಣಮ್ಮ! ಹೋಗಿದ್ರೆ ನಾನು ನೆಮ್ಮದಿಯಾಗಿರ್ತಿದ್ದೆ" ಎಂದು ಸುಗುಣ ಒಳಗಿನಿಂದ ಕೂಗಿದಳು.

ನರ್ಸಮ್ಮ ನಿಧಾನವಾಗಿ ಬರೆದುಕೊಂಡರು. ನಾನು ಇಣುಕಿ ನೋಡಿದೆ. 'ಕೆಮ್ಮು, ಕಣ್ಣು ಕೆಂಪು, ಮಾತಿನಲ್ಲಿ ಗೊಂದಲ.' ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಬರಬೇಕೆಂದೂ, ಅಲ್ಲಿಯವರೆಗೆ ಏಳು ದಿನ ಮನೆಯಲ್ಲೇ ಇರಬೇಕೆಂದೂ ಹೇಳಿದರು.

"ನಾಳೆ ನರಸೀಪುರಕ್ಕೆ ಹೋಗಲೇಬೇಕಮ್ಮ. ಅಕ್ಕನಿಗೆ ಬಾಗಿನ ಕೊಡಬೇಕು."

"ಬಸ್ ಗಿಸ್ ಹತ್ತಬೇಡಿ ಸಾರ್. ಅಕ್ಕನ ಮೇಲೆ ಪ್ರೀತಿ ಇದ್ರೆ ದೂರ ಇರಿ."

ಅವರು ಹೋದ ಮೇಲೆ ನಾನು ಮೆಟ್ಟಿಲ ಮೇಲೆ ಕೂತೆ. ತಮಾಷೆಯಲ್ಲ, ಅಕ್ಕ ಹಾಕುವ ಲೆಕ್ಕವನ್ನು ನಾನೇ ಹಾಕಿ ನೋಡಿದೆ. ಮೊದಲ ವರ್ಷ ಮರೆತ. ಎರಡನೇ ವರ್ಷ ಕಾಯಿಲೆ ಅಂದ. ಮೂರನೇ ವರ್ಷ ಅವಳು ಕೇಳುವುದೂ ಇಲ್ಲ. ಸುಗುಣ ಒಳಗೆ ಫೋನ್ ಹಚ್ಚಿ, "ಅಕ್ಕ, ಇವರಿಗೆ ಮನೇಲೇ ಇರೋಕೆ ಹೇಳಿದ್ದಾರೆ. ಇಲ್ಲ, ನಿಜವಾಗ್ಲೂ... ನಾನೇ ನಿಂತು ಕೇಳಿಸ್ಕೊಂಡೆ..." ಎನ್ನುತ್ತಿದ್ದಳು. ಆಮೇಲೆ ಆಚೆ ಬಂದಳು.

"ಏನಂದಳು?"

"ಫೋನ್ ಇಟ್ಟುಬಿಟ್ರು."

ಮೂರನೆಯ ಸಲದ ಹೊಗೆಗೆಂದು ಒಂದು ದಿನ ಹೆಚ್ಚು ಬಿಟ್ಟಿದ್ದ ಡ್ರಮ್ಮನ್ನು ಸಂಜೆ ತೆಗೆದೆವು. ಇನ್ನೊಂದೆರಡು ಸಲ ತೆಗೆದು ನೋಡಿದ್ದನ್ನು ನಾನು ಇಲ್ಲಿ ಬರೆದಿಲ್ಲ. ನೋಟ್‌ಬುಕ್ಕಿನಲ್ಲಿದೆ. ಮೇಲಿನ ಎರಡು ಚಿಪ್ಪು ಶಾಖಕ್ಕೆ ಬೆಂದು ಕಪ್ಪಗೆ ಜೋತುಬಿದ್ದಿದ್ದವು. ಕೆಳಗಿನ ಮೂರು, ಮಹದೇವು ತಂದಾಗ ಹೇಗಿದ್ದವೋ ಹಾಗೇ, ಇನ್ನೂ ಸ್ವಲ್ಪ ಹಸಿರಾಗಿ. ಮಧ್ಯದ ಒಂದು ಚಿಪ್ಪಿನಲ್ಲಿ ನಾಲ್ಕು ಕಾಯಿ ಮಾತ್ರ ಹಳದಿಗೆ ತಿರುಗಿದ್ದವು. ಆರು ಚಿಪ್ಪಿಗೆ ನಾಲ್ಕು ಹಣ್ಣು.

ಶನಿವಾರ ಹನ್ನೊಂದರ ಹೊತ್ತಿಗೆ ಗೇಟಿನ ಮುಂದೆ ಒಂದು ಆಟೋ ನಿಂತಿತು. ರೇಷ್ಮೆ ಸೀರೆ ಉಟ್ಟು, ಸೆರಗನ್ನು ಮೂಗಿಗೆ ಒತ್ತಿಕೊಂಡು ಅಕ್ಕ ಇಳಿದಳು. ಬೀದಿಯವರೆಲ್ಲ ಅವರವರ ಬಾಗಿಲಿಗೆ ಬಂದರು. ಕೆಂಪಣ್ಣ ಗೋಡೆಗೆ ಬಂದರು.

"ಸುಗುಣ, ಆ ಮನೆ ಯಜಮಾನರನ್ನ ಆಚೆ ಕರಿ. ಹತ್ರ ಬರೋದು ಬೇಡ, ಮೆಟ್ಲ ಮೇಲೇ ನಿಂತ್ಕೊಳ್ಳಲಿ."

ನಿಂತೆ.

"ಕಾಯಿಲೆ ನಿಜಾನಾ?" ಅಕ್ಕ ಕೇಳಿದ್ದು ಸುಗುಣಳನ್ನು.

"ಕಾಯಿಲೆ ಇಲ್ಲ ಅಕ್ಕ. ನಿಮಗೆ ಅಂತ ರಸಬಾಳೆ ಹಣ್ಣು ಮಾಡೋಕೆ ಹೋಗಿ ಮೂರು ದಿನ ಹೊಗೆ ಕುಡಿದಿದ್ದಾರೆ."

ಅಕ್ಕ ನನ್ನ ಕಣ್ಣು ನೋಡಿದಳು. ಅವು ಇನ್ನೂ ಕೆಂಪಗೇ ಇದ್ದವು. "ಹೋದ್ವರ್ಷ ಹೊತ್ತು ಮುಳುಗೋವರ್ಗೂ ಬಾಗಿಲಲ್ಲಿ ಕೂತು ಕಾದೆ ಕಣಮ್ಮ. ಈ ವರ್ಷ ಕಾಯೋದು ಯಾಕೆ ಅಂತ ಬಸ್ ಹತ್ತಿದೆ" ಎಂದಳು, ಸುಗುಣಳಿಗೇ.

ಸುಗುಣ ಮೊರದ ಬಾಗಿನ ತಂದು ನನ್ನ ಕೈಗಿತ್ತಳು. ನಾನು ಅದನ್ನು ಗೇಟಿನ ಪಕ್ಕದ ಗೋಡೆಯ ಮೇಲಿಟ್ಟು ಮತ್ತೆ ಮೆಟ್ಟಿಲಿಗೆ ಬಂದೆ. ಅಕ್ಕ ಮುಂದೆ ಬಂದು ಮೊರವನ್ನು ಕಣ್ಣಿಗೊತ್ತಿಕೊಂಡಳು. ಮೇಲಿದ್ದ ನಾಲ್ಕು ಹಣ್ಣಿನಲ್ಲಿ ಒಂದನ್ನು ಸುಲಿದು, ಸೆರಗು ಸರಿಸಿ, ಕಚ್ಚಿದಳು. ಇಡೀ ಬೀದಿ ಉಸಿರು ಹಿಡಿದು ನಿಂತಿತ್ತು.

ಅಕ್ಕ ಬಹಳ ಹೊತ್ತು ಅಗಿದಳು. ಆಮೇಲೆ ನೇರವಾಗಿ ನನ್ನ ಕಡೆ ತಿರುಗಿದಳು.

"ಲೋ ಗುರು! ಇದು ಹಣ್ಣೇನೋ? ಬೀಡಿ ಸೇದಿದಂಗಿದೆ ಕಣೋ!"

ಒಂದು ವರ್ಷದ ನಂತರ ಅಕ್ಕ ನನಗೆ ಆಡಿದ ಮೊದಲ ಮಾತು. 'ಅಕ್ಕ' ಎನ್ನಲು ಹೋಗಿ ಕೆಮ್ಮಿದೆ. ಬೀದಿಯ ಬಾಗಿಲುಗಳೆಲ್ಲ ದಡದಡನೆ ಮುಚ್ಚಿಕೊಂಡವು.

ಅಕ್ಕ ಹೋಗಲಿಲ್ಲ. ಗೇಟಿನಾಚೆ ಕುರ್ಚಿ ಹಾಕಿಸಿಕೊಂಡು ಒಂದು ಗಂಟೆ ಕೂತು, ಒಂದು ವರ್ಷದಿಂದ ಬಾಕಿಯಿದ್ದ ಬೈಗುಳವನ್ನೆಲ್ಲ ಬೈದಳು. ನಾನು ಬಿಸಿಲಲ್ಲಿ ಮೆಟ್ಟಿಲ ಮೇಲೆ ನಿಂತು ಅಷ್ಟನ್ನೂ ಕೇಳಿದೆ. ಅಷ್ಟು ಸುಖವಾದ ಹಬ್ಬ ನಾನು ಕಂಡಿರಲಿಲ್ಲ. ಹಸಿರು ಕಾಯಿಯ ಮೂರು ಚಿಪ್ಪನ್ನು ಪಲ್ಯಕ್ಕೆಂದು ಚೀಲಕ್ಕೆ ಹಾಕಿಕೊಂಡು ಆಟೋ ಹತ್ತುವಾಗ, "ಮುಂದಿನ ವರ್ಷ ನೀನೇನೂ ಬರೋದು ಬೇಡ. ನಾನೇ ಬತ್ತೀನಿ" ಎಂದಳು.

ಆಡಿದಂತೆಯೇ ನಡೆದುಕೊಂಡಳು. ಅಂದಿನಿಂದ ಪ್ರತಿ ಗೌರಿ ಹಬ್ಬಕ್ಕೆ ಅಕ್ಕ ತಾನೇ ನರಸೀಪುರದಿಂದ ಬಸ್ಸಿನಲ್ಲಿ ಬಂದು, ತವರಿನ ಬಾಗಿನವನ್ನು ತವರಿನಿಂದಲೇ ಹೊತ್ತುಕೊಂಡು ಹೋಗುತ್ತಾಳೆ. ನನ್ನ ಜವಾಬ್ದಾರಿ ಮನೆಯಲ್ಲಿ ಇರುವುದು ಮಾತ್ರ. ಬಾಗಿನದ ಮೇಲಿಡುವ ಹಣ್ಣನ್ನೂ ಅವಳೇ ತರುತ್ತಾಳೆ. ಬಂದ ಕೂಡಲೇ ಚೀಲದಿಂದ ತೆಗೆದು ನನ್ನ ಕೈಗೆ ಕೊಡುತ್ತಾಳೆ. ನಾನು ಅದನ್ನು ಮೊರದಲ್ಲಿಟ್ಟು ಭಕ್ತಿಯಿಂದ ಅವಳಿಗೇ ಕೊಡುತ್ತೇನೆ.

ನರಸೀಪುರದ ಅಂಗಡಿಯ ಪಚ್ಚಬಾಳೆ. ಚೆನ್ನಾಗಿ ಹಣ್ಣಾಗಿರುತ್ತದೆ.