ಉಪ್ಪುನೀರಿಗೆ ಬಂದ ಕ್ಯಾನ್ಸರ್

ಬೆಳ್ಳಂಬೆಳಗ್ಗೆ ಉಪ್ಪುನೀರಿಗೆ ಕ್ಯಾನ್ಸರ್ ಬಂದಿತ್ತು. ಹಾಗೆಂದು ಯಂತ್ರವೇ ಸಾರುತ್ತಿತ್ತು. ಚಿನ್ನದ ಲೇಪದ ಪುಟ್ಟ ಪಟ್ಟಿಗೆ ಜೀವಂತ ಕ್ಯಾನ್ಸರ್ ಕೋಶ ಅಂಟಿಕೊಂಡರೆ ಅದರ ಕರೆಂಟು ಬದಲಾಗಿ ತೆರೆಯ ಮೇಲಿನ ಗೆರೆ ಏಳಬೇಕು. ಬರೀ ಉಪ್ಪುನೀರಿಗೆ ತೆಪ್ಪಗೆ ಮಲಗಿರಬೇಕು. ಇದೋ ಕುಣಿಯುತ್ತಿತ್ತು. ಸಂಜೆ ಯಂತ್ರ ಪರೀಕ್ಷಿಸಲು ಬರುವ ಸಮಿತಿಯವರ ಮುಂದೆಯೂ ಹೀಗೇ ಕುಣಿದರೆ ಪ್ರಯೋಗದ ಕೋಣೆ ಕೈತಪ್ಪುತ್ತದೆ, ವರ್ಷಗಟ್ಟಲೆ ಪಟ್ಟ ಪಾಡು ನೀರುಪಾಲು.

ಎಲ್ಲರೂ ಬೆನ್ನ ಹಿಂದೆ ಕಿಡಿಯಣ್ಣ ಎನ್ನುತ್ತಿದ್ದ ಸಂಶೋಧಕನಿಗೆ ಮೈಯೆಲ್ಲ ಉರಿಯಿತು. ಕಂಡವರೆಲ್ಲ ಒಂದೇ ಕರೆಂಟು ಲೈನಿಗೆ ಕಂಡದ್ದನ್ನು ಸಿಕ್ಕಿಸಿದರೆ ಗೆರೆ ಕುಣಿಯದೆ ಏನು ಮಾಡೀತು? ಪಕ್ಕದ ಕೋಣೆಗೆ ನುಗ್ಗಿದ. ಕೋಶಗಳನ್ನು ಸಾಕುವ ಹಿರಿಯ ಸಹೋದ್ಯೋಗಿ, ಎಲ್ಲರ ಪಾಲಿನ ಅಕ್ಕ, ಕೆಟಲ್‌ನಲ್ಲಿ ನೀರು ಕಾಯಿಸುತ್ತಿದ್ದರು.

"ನಿಮ್ಮ ಒಂದು ಲೋಟ ಚಹಾಕ್ಕೆ ನನ್ನ ಹೊಟ್ಟೆ ಮೇಲೆ ಹೊಡೀಬೇಕಾ ಅಕ್ಕ?"

"ನೀನೂ ಒಂದು ಗುಟುಕು ಕುಡಿ, ಸಮಾಧಾನ ಆಗುತ್ತೆ."

ಅವನು ಕೆಟಲ್‌ನ ಪ್ಲಗ್ ಕಿತ್ತ. ಅಕ್ಕ ಮುಖ ಊದಿಸಿಕೊಂಡು ಬೀದಿಯ ಚಹಾದಂಗಡಿಗೆ ಹೊರಟರು. ಗೆರೆ ತುಸು ತಗ್ಗಿತು. ಗುಮಾಸ್ತರ ಫ್ಯಾನು ಕಿತ್ತ; ಅವರು ಬೆವರೊರೆಸಿಕೊಳ್ಳುತ್ತಾ ಪಟ್ಟಿಯನ್ನು ಸೋಪು ಹಾಕಿ ತೊಳೆಯಲು ಸಲಹೆ ಕೊಟ್ಟರು. ಕಾವಲುಗಾರನ ರೇಡಿಯೊ ಕಿತ್ತ. ಅವನು ಯಂತ್ರವನ್ನೇ ಒಮ್ಮೆ ಕುಟ್ಟಿ ನೋಡಿ ಎಂದ. ಸಲಹೆಗೆ ಬರವೇ ಇರಲಿಲ್ಲ. ರೋಸಿಹೋದ ಕಿಡಿಯಣ್ಣ ಅಕ್ಕನ ಕೋಣೆಗೆ ಮತ್ತೆ ನುಗ್ಗಿ, ಮೂಲೆಯಲ್ಲಿದ್ದ ದಪ್ಪ ಪ್ಲಗ್ಗನ್ನೂ ಹಿಂದುಮುಂದು ನೋಡದೆ ಎಳೆದ. ಗೆರೆ ಹಾಲು ಕುಡಿದ ಮಗುವಿನಂತೆ ಮಲಗಿತು. ಯಾರೂ ಮತ್ತೆ ಸಿಕ್ಕಿಸದಿರಲೆಂದು ಆ ಕೋಣೆಗೆ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದ.

ಸಂಜೆ ಸಮಿತಿ ಬಂತು. ಉಪ್ಪುನೀರಿಗೆ ಗೆರೆ ಅಲುಗಲಿಲ್ಲ. ಸಮಿತಿಯ ಹಿರಿಯರು ತಲೆದೂಗಿದರು. ಕಿಡಿಯಣ್ಣ ಅಕ್ಕನ ಕೋಣೆಯ ಬೀಗ ತೆಗೆದು, ಅಲ್ಲಿನ ಪೆಟ್ಟಿಗೆಯಿಂದ ಕ್ಯಾನ್ಸರ್ ಕೋಶಗಳನ್ನು ತಂದು ಪಟ್ಟಿಯ ಮೇಲೆ ಹನಿಸಿದ. ಆಗಲೂ ಅಲುಗಲಿಲ್ಲ. ಮತ್ತೆ ಹನಿಸಿದ. ಊಹೂಂ.

"ಯಾರೋ ನನ್ನ ಕೋಶ ಹಾಳು ಮಾಡಿದ್ದಾರೆ," ಎಂದು ಹಲ್ಲು ಕಡಿದ.

ಅಕ್ಕ ಪೆಟ್ಟಿಗೆ ಮುಟ್ಟಿ ನೋಡಿದರು. "ಅವನ್ನ ಬೆಚ್ಚಗಿಡೋ ಪೆಟ್ಟಿಗೆ ಕಣೋ ಇದು. ತಣ್ಣಗಾಗಿ ಕೋಶ ಎಲ್ಲಾ ಸತ್ತೇ ಹೋಗಿವೆ. ಪ್ಲಗ್ ಕಿತ್ತವರ್ಯಾರು?"

ಕೀಲಿ ಇನ್ನೂ ಅವನ ಕೈಯಲ್ಲೇ ಇತ್ತು.

ಹಿರಿಯರು ನಿಟ್ಟುಸಿರು ಬಿಟ್ಟು, ಹೋಗಲಿ, ಚಹಾವಾದರೂ ಸಿಗುತ್ತದೆಯೇ ಎಂದು ಕೇಳಿದರು. ಅಕ್ಕ ಕೆಟಲ್ ಸಿಕ್ಕಿಸಿದರು. ತೆರೆಯ ಮೇಲೆ ಗೆರೆ ಛಂಗನೆ ಎದ್ದಿತು.

ಹಿರಿಯರು ಕನ್ನಡಕ ಸರಿಮಾಡಿಕೊಂಡರು. "ಕ್ಯಾನ್ಸರ್ ವಿಷಯ ಗೊತ್ತಿಲ್ಲಪ್ಪ, ಚಹಾ ಮಾತ್ರ ಚೆನ್ನಾಗಿ ಪತ್ತೆ ಹಚ್ಚುತ್ತೆ."

ಮರುದಿನ ಆದೇಶ ಬಂತು. ಕಿಡಿಯಣ್ಣನ ಕೋಣೆಯನ್ನು ಕ್ಯಾಂಟೀನಿಗೆ ಕೊಟ್ಟಿದ್ದರು.