ಸೀಮೆಎಣ್ಣೆ ಬಾಯಲ್ಲಿಟ್ಟುಕೊಂಡು ಮಲಗುವವರಿಗೆ

ನಮ್ಮ ಶೆಡ್ಡಿನ ಹಳೇ ಟ್ರ್ಯಾಕ್ಟರಿನ ಪಕ್ಕೆಯಲ್ಲಿ ವಿರಾಜಮಾನರಾಗಿರುವ ಮಾನ್ಯ ಕಾರ್ಬೊರೇಟರ್ ಮಹಾಶಯರೇ,

ಈ ಮನೆಯ ಸೊಸೆ ಮಸಿ ಹತ್ತಿದ ಕೈಗಳನ್ನೇ ಜೋಡಿಸಿ ಮಾಡುವ ವಂದನೆಗಳು. ಬರುವ ಭಾನುವಾರ ಹಳೇ ಟ್ರ್ಯಾಕ್ಟರುಗಳ ಉಳುಮೆ ಪಂದ್ಯವಿರುವುದೂ, ಇಷ್ಟು ವರ್ಷ ತಮ್ಮನ್ನು ಓಡಿಸಿದ ಮಾವನವರು ಈ ಸಲ ಸೀಟನ್ನು ಮಗನಿಗೆ ಕೊಡದೆ ನನಗೆ ಕೊಟ್ಟಿರುವುದೂ ತಮಗೆ ತಿಳಿದ ವಿಷಯವೇ. ಅಂದಿನಿಂದ ನನ್ನ ಯಜಮಾನರ ಮುಖ ಊದಿಕೊಂಡಿದೆ. ಅದು ಹೇಗೋ ಇಳಿದೀತು. ಆದರೆ ಭಾನುವಾರ ತಾವು ಕೈಕೊಟ್ಟರೆ ಆ ಸೀಟು ನನಗೆ ಇನ್ನೆಂದೂ ಸಿಗುವುದಿಲ್ಲ ಎಂಬುದೇ ನನ್ನ ಭಯ.

ತಮ್ಮ ಊಟದ ಶಿಸ್ತು ಯಾವ ಅರಮನೆಯಲ್ಲೂ ಇರಲಾರದು. ಬೆಳಿಗ್ಗೆ ಮೈ ತಣ್ಣಗಿರುವಾಗ ಪುಟ್ಟ ಟ್ಯಾಂಕಿನ ಪೆಟ್ರೋಲೇ ಬೇಕು. ಮೈ ಕಾದಮೇಲೆ ನಲ್ಲಿ ತಿರುಗಿಸಿದರೆ ದೊಡ್ಡ ಟ್ಯಾಂಕಿನ ಸೀಮೆಎಣ್ಣೆಯನ್ನು ಸಂತೋಷದಿಂದ ಸೇವಿಸುತ್ತೀರಿ. ಮಲಗುವ ಮುನ್ನ ಮತ್ತೆ ನಾಲ್ಕು ಗುಟುಕು ಪೆಟ್ರೋಲ್ ಕುಡಿಸಿ, ಹೊಟ್ಟೆಯಲ್ಲುಳಿದ ಸೀಮೆಎಣ್ಣೆಯನ್ನು ಖಾಲಿ ಮಾಡಿಸಬೇಕು. ಮರೆತರೆ, ಮರುದಿನ ಹ್ಯಾಂಡಲ್ ತಿರುಗಿಸಿ ನಮ್ಮ ರಟ್ಟೆ ಬಿದ್ದುಹೋದರೂ ತಾವು ಒಮ್ಮೆ ಕೆಮ್ಮಿ ಸುಮ್ಮನಾಗುತ್ತೀರಿ. ತಣ್ಣನೆಯ ಸೀಮೆಎಣ್ಣೆಗೆ ಹೊತ್ತಿಕೊಳ್ಳುವ ಮನಸ್ಸಾಗುವುದಿಲ್ಲವಂತೆ. ಎಂಥ ನಾಜೂಕು ಸ್ವಭಾವ!

ಈ ವಾರವಂತೂ ತಾವು ಕೆಮ್ಮಿ ಕೆಮ್ಮಿ ಏಳುವಷ್ಟರಲ್ಲಿ ಅರ್ಧ ದಿನ ಕಳೆಯುತ್ತಿತ್ತು. “ಹೆಂಗಸರ ಕೈಗೆ ಬಗ್ಗೋ ಗಾಡಿ ಅಲ್ಲ ಇದು, ಭಾನುವಾರ ನಾನೇ ಬಂದು ತಳ್ಳಬೇಕಾಗುತ್ತೆ” ಎಂದು ಯಜಮಾನರು ತೀರ್ಪು ಕೊಟ್ಟರು. ನಾನು ಮೊನ್ನೆ ಶೆಡ್ಡಿನ ಬಾಗಿಲಲ್ಲೇ ನಿಂತು ನೋಡಿದೆ. ನನಗೆ ಅಭ್ಯಾಸ ಮಾಡಿಸಿ ಮುಗಿದ ಮೇಲೆ ಮಾವನವರು ತಮ್ಮನ್ನು ಒಳಗೆ ತಂದರು, ಇನ್ನೇನು ನಲ್ಲಿಗೆ ಕೈ ಹಾಕಬೇಕು, ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಅತ್ತೆಯವರು, “ಊಟಕ್ಕೆ ಬರ್ತೀರೋ, ಇಲ್ಲಾ ಪಾತ್ರೆ ತೊಳೆದಿಡ್ಲೋ?” ಎಂದರು. ಯಾರಿಗೂ ಜಗ್ಗದ ಮಾವನವರು ಆ ಕ್ಷಣವೇ ಎಂಜಿನ್ ಆರಿಸಿ ಕೈ ತೊಳೆಯಲು ಓಡಿದರು. ದಿನವೂ ನಡೆಯುತ್ತಿದ್ದುದು ಇದೇ, ತಾವು ಸೀಮೆಎಣ್ಣೆ ಬಾಯಲ್ಲಿಟ್ಟುಕೊಂಡೇ ಮಲಗುತ್ತಿದ್ದಿರಿ.

ಆದ್ದರಿಂದ, ಅತ್ತೆಯವರ ದನಿ ಕಿವಿಗೆ ಬಿದ್ದೊಡನೆ ತಾವೇ ಕೈ ಚಾಚಿ ನಲ್ಲಿ ತಿರುಗಿಸಿಕೊಳ್ಳಬೇಕಾಗಿ ವಿನಂತಿ. ಕೈಯಿಲ್ಲವೆಂಬ ನೆಪ ಹೇಳುವಿರಾದರೆ ಚಿಂತೆಯಿಲ್ಲ, ವಿಷಯವನ್ನು ಅತ್ತೆಯವರಿಗೇ ಒಪ್ಪಿಸಿದ್ದೇನೆ. ನಿನ್ನೆ ಅವರು ಅದೇ ಕಿಟಕಿಯಿಂದ, “ಮೊದಲು ಅದಕ್ಕೆ ಪೆಟ್ರೋಲ್ ಕುಡಿಸಿ, ಆಮೇಲೆ ನಿಮಗೆ ಊಟ” ಎಂದು ಕೂಗಿದರು. ಇಂದು ಬೆಳಿಗ್ಗೆ ತಾವು ಮೊದಲ ತಿರುವಿಗೇ ಗುಡುಗಿದಿರಿ. ಖುಷಿ ತಡೆಯಲಾರದೆ ನಾನು ಬಾನೆಟ್ಟಿಗೆ ಮುತ್ತು ಕೊಟ್ಟದ್ದನ್ನು ದಯವಿಟ್ಟು ಯಾರಿಗೂ ಹೇಳಬೇಡಿ.

ಇಂತಿ,
ಇಷ್ಟು ಹೊಗೆ ಕುಡಿದೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ
ಸೊಸೆ

ತಾ.ಕ.: ಭಾನುವಾರ ತಮ್ಮನ್ನು ತಳ್ಳಲೆಂದು ಯಜಮಾನರು ಹರಕಲು ಅಂಗಿಯೊಂದನ್ನು ಹುಡುಕಿಟ್ಟುಕೊಂಡಿದ್ದರು. ನಾನು ಅದನ್ನು ತಮ್ಮನ್ನು ಒರೆಸುವ ಬಟ್ಟೆ ಮಾಡಿಕೊಂಡು, ಅವರು ನಿಂತು ಪಂದ್ಯ ನೋಡಲೆಂದು ಇಸ್ತ್ರಿ ಹಾಕಿದ ಬಿಳಿ ಅಂಗಿ ತೆಗೆದಿಟ್ಟಿದ್ದೇನೆ.