ಮೊದಲು ಕಂಡವರೇ ಹೊಣೆ

ಮಾನ್ಯ ಮ್ಯಾನೇಜರ್ ಸಾಹೇಬರೇ,

ನಮ್ಮ ಬೂಟು ಕಾರ್ಖಾನೆಯ ಗಾಜಿನ ಕೋಣೆಯಲ್ಲಿ ತಂಪಾಗಿ ಕುಳಿತು, ಹೊಣೆಗಾರಿಕೆ ಎಂಬ ಮಹಾಗುಣವನ್ನು ಮೆಟ್ಟಿಲ ಕೆಳಗಿನವರಿಗೆಲ್ಲ ಧಾರಾಳವಾಗಿ ಹಂಚಿ, ತಮಗೆಂದು ಒಂದು ಚೂರನ್ನೂ ಉಳಿಸಿಕೊಳ್ಳದ ತಮ್ಮ ತ್ಯಾಗಬುದ್ಧಿಗೆ, ಪೆಟ್ಟಿಗೆ ಕಟ್ಟುವ ವಿಭಾಗದ ಸಮಸ್ತರ ಪರವಾಗಿ ಸೊಂಟ ನೋಯುವಷ್ಟು ಬಾಗಿ ನಮಸ್ಕಾರ.

‘ತಪ್ಪನ್ನು ಮೊದಲು ಕಂಡವರೇ ಆ ತಪ್ಪಿಗೆ ಹೊಣೆ’ ಎಂಬ ತಮ್ಮ ಫಲಕ ಗೇಟಿಗೆ ಬಂದ ದಿನದಿಂದ ಆಗಿರುವ ಸುಧಾರಣೆಯನ್ನು ಏನೆಂದು ಹೊಗಳಲಿ! ಕಾರ್ಖಾನೆಯಲ್ಲಿ ಈಗ ತಪ್ಪೇ ಇಲ್ಲ, ಯಾಕೆಂದರೆ ಯಾರಿಗೂ ಕಣ್ಣೇ ಇಲ್ಲ. ಅಂಟು ಕಾಯಿಸುವ ಪಾತ್ರೆ ಹೊಗೆಯಾಡಿದರೆ ಇವತ್ತು ಮೋಡ ಚೆನ್ನಾಗಿದೆ ಎನ್ನುತ್ತೇವೆ. ಕೊಳಾಯಿ ಒಡೆದು ನೀರು ಮೊಣಕಾಲಿಗೆ ಬಂದಾಗ ಊಟದ ಡಬ್ಬಿಗಳನ್ನು ತಲೆಯ ಮೇಲಿಟ್ಟುಕೊಂಡು, ಛಾವಣಿಯನ್ನೇ ನೋಡುತ್ತಾ, ಸಾಲಾಗಿ ಶಿಸ್ತಿನಿಂದ ದಾಟಿದೆವು. ಕಾವಲುಗಾರ ಗೇಟಿಗೆ ಬೆನ್ನು ತಿರುಗಿಸಿಕೊಂಡೇ ಕಾವಲು ಕಾಯುತ್ತಾನೆ. ಕನ್ನಡಕದವರು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೇ ಒಳಗೆ ಬರುತ್ತಾರೆ.

ಇಂಥ ಸ್ವರ್ಗದಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದ್ದವಳು ಒಬ್ಬಳೇ, ಹೊಲಿಗೆ ವಿಭಾಗದ ಅಕ್ಕ. ಒಂದು ದಿನ, ಎಡ ಬಲದ ಅಚ್ಚು ಬದಲಾಯಿಸಲು ಯಂತ್ರ ನಿಲ್ಲಿಸಿದರೆ ಹೊತ್ತು ದಂಡ, ಒಂದೇ ಅಚ್ಚಿನಲ್ಲಿ ಓಡಿಸಿ ಎಂದು ತಾವು ಧ್ವನಿವರ್ಧಕದಲ್ಲಿ ಅಪ್ಪಣೆ ಕೊಟ್ಟಿರಿ. ಯಂತ್ರವೂ ಪಾಪ, ತಮ್ಮ ಮಾತು ಮೀರದೆ ಬೆಳಗಿನಿಂದ ಸಂಜೆಯವರೆಗೆ ಎಡಗಾಲಿನ ಬೂಟನ್ನೇ ಹೆತ್ತಿತು. ನಾವು ಬಾಯಿಗೆ ಬೀಗ ಹಾಕಿಕೊಂಡು ಎಡಕ್ಕೆ ಎಡ ಜೋಡಿಸಿ ಪೆಟ್ಟಿಗೆ ತುಂಬಿದೆವು. ಅಕ್ಕ ಮಾತ್ರ ಒಂದು ಜೋಡಿ ಹಿಡಿದು ತಮ್ಮ ಕೋಣೆಗೆ ಬಂದು, “ಸಾರ್, ಎರಡೂ ಎಡಗಾಲಿಂದೇ ಬರ್ತಿದೆ, ಲಾರಿ ಹೊರಡೋಕೆ ಮುಂಚೆ ಒಂದ್ಸಲ ನೋಡಿ” ಎಂದಳು. ತಾವು ಬೂಟಿನತ್ತ ತಿರುಗಿಯೂ ನೋಡದೆ, “ಮೊದ್ಲು ನೋಡಿದ್ದು ಯಾರಮ್ಮ?” ಎಂದಿರಿ. “ನಾನೇ ಸಾರ್.” “ಹಾಗಾದ್ರೆ ನೀನೇ ಹೊಣೆ. ನಾಳೆಯಿಂದ ಬರ್ಬೇಡ.” ಬಾಗಿಲು ತೆರೆದಿತ್ತು, ನಮಗೆಲ್ಲ ಕೇಳಿಸಿತು, ಕಿವಿಗೆ ಇನ್ನೂ ಫಲಕ ಬಂದಿಲ್ಲವಲ್ಲ. ಲಾರಿ ಹೊರಟಿತು, ಅಕ್ಕನೂ ಹೊರಟಳು. ಹೋಗುವಾಗ ನಮ್ಮ ಕಡೆ ತಿರುಗಿ, “ನೀವಾದ್ರೂ ಕಣ್ಣು ಬಿಡ್ರೋ! ಆ ಲಾರಿ ವಾಪಸ್ ಬಂದ್ರೆ ನಿಮ್ಮ ಅನ್ನಾನೂ ಹೋಗುತ್ತೆ” ಎಂದು ಬೈದಳು.

ಲಾರಿ ವಾಪಸ್ ಬಂದಿದೆ. ಅಂಗಳದಲ್ಲಿ ಗುಡ್ಡವಾಗಿ ಬಿದ್ದಿರುವ ಎಡಬೂಟುಗಳನ್ನು ನಾವು ಎಡವುತ್ತೇವೆ, ಏಳುತ್ತೇವೆ, ಆದರೆ ಕಂಡಿಲ್ಲ. ಆದಕಾರಣ, ಎರಡೂ ಎಡಗಾಲೇ ಇರುವ ಗಿರಾಕಿಗಳ ದೇಶವೊಂದನ್ನು ತಾವು ಕೂಡಲೇ ಪತ್ತೆ ಹಚ್ಚಬೇಕು. ಸಿಗದಿದ್ದರೆ ಇಡೀ ಮನುಷ್ಯಕುಲಕ್ಕೆ ನೋಟಿಸು ಕೊಟ್ಟು, ಬಲಗಾಲನ್ನು ತಿದ್ದಿಕೊಳ್ಳಲು ಗಡುವು ವಿಧಿಸಬೇಕು. ಅದೂ ಆಗದಿದ್ದರೆ ಒಂದು ಸಣ್ಣ ಕೆಲಸ ಮಾಡಿ ಸ್ವಾಮಿ. ಅದೇ ಧ್ವನಿವರ್ಧಕದಲ್ಲಿ, ಅಪ್ಪಣೆ ನನ್ನದು, ತಪ್ಪೂ ನನ್ನದು, ಬಂದು ಹೇಳಿದ ಹೆಂಗಸು ಕಾರ್ಖಾನೆ ಉಳಿಸಲು ನೋಡಿದಳು ಎಂದುಬಿಡಿ. ಆ ಕ್ಷಣಕ್ಕೇ ನಮ್ಮೆಲ್ಲರ ದೃಷ್ಟಿ ಮರಳುತ್ತದೆ. ಒಡೆದ ಕೊಳಾಯಿ, ಹೊಗೆಯಾಡುವ ಅಂಟು, ನಾವೇ ಹಾಳುಗೆಡವಿದ ತೊಗಲು, ಎಲ್ಲವನ್ನೂ ಓಡಿ ಬಂದು ಹೇಳುತ್ತೇವೆ. ಅಂಜಿಕೆಯಿಂದ ಹುಟ್ಟುವುದು ಕುರುಡು, ಹೊಣೆಯಲ್ಲ.

ಈ ಪತ್ರವನ್ನು ಕಣ್ಣು ಮುಚ್ಚಿಕೊಂಡೇ ಬರೆದಿದ್ದೇನೆ, ಸಾಲು ಸೊಟ್ಟಗಿದ್ದರೆ ಮನ್ನಿಸಿ. ಮಿಕ್ಕವರೂ ಕಣ್ಣು ಮುಚ್ಚಿಕೊಂಡು ಒಬ್ಬರ ಸಹಿಯ ಮೇಲೆ ಇನ್ನೊಬ್ಬರು ಸಹಿ ಹಾಕಿದ್ದಾರೆ. ತಮ್ಮ ಫಲಕದ ಮೇಲೆಯೇ ಅಂಟಿಸಿದ್ದೇವೆ. ಶಿಸ್ತಿನ ಕೆಲಸಗಾರರಾದ ನಾವು ಯಾರೂ ಈ ಪತ್ರವನ್ನು ಓದಿಲ್ಲ. ಎಡಬೂಟನ್ನು ಮೊದಲು ಕಂಡವಳು ಅಕ್ಕ, ಒಪ್ಪಿದೆವು. ಆದರೆ ಅಕ್ಕನನ್ನು ಹೊರಗೆ ಹಾಕಿದ್ದು ತಪ್ಪು ಎಂಬುದನ್ನು ಮೊದಲು ಕಣ್ಣಾರೆ ಕಂಡವರು, ಇಗೋ, ಈಗ ಓದುತ್ತಿರುವ ತಾವೇ! ಫಲಕದ ಪ್ರಕಾರ ನಾಳೆಯಿಂದ ತಾವು ಬರಬೇಡಿ. ಬರಲೇಬೇಕೆಂದಿದ್ದರೆ ಅಕ್ಕನನ್ನು ಕರೆದುಕೊಂಡು ಬನ್ನಿ.

ಇಂತು, ಕಣ್ಣಿದ್ದೂ ತಮ್ಮ ವಿಶ್ವಾಸಿ,
ಪೆಟ್ಟಿಗೆ ಕಟ್ಟುವವನು

ಮರೆತ ಮಾತು: ಕಾರ್ಖಾನೆಯ ಕಾಣಿಕೆಯಾಗಿ ತಮಗೆ ಕೊಟ್ಟ ಹೊಸ ಬೂಟು ಅದೇ ದಿನದ ಸರಕು. ತಾವು ಕುಂಟುತ್ತಾ, ಗೋಡೆ ಹಿಡಿದುಕೊಂಡು ಓಡಾಡುವುದನ್ನು ನಾವ್ಯಾರೂ ಕಂಡಿಲ್ಲ. ತಮಗೇನಾದರೂ ಕಂಡಿದ್ದರೆ ದಯವಿಟ್ಟು ಬಾಯಿಬಿಡಬೇಡಿ, ಹೊಣೆ ತಮ್ಮ ತಲೆಗೇ ಬಂದೀತು.